ಯಾವಾಗಿಂದ ಎಂದು ಕೇಳಿದವರು

ನಮ್ಮ ಮೇಡಂ ಕಳೆದ ತಿಂಗಳು ನಿವೃತ್ತರಾದರು. ಆಫೀಸಿನ ಊಟದ ಕೋಣೆಯಲ್ಲಿ ಕೇಕು ಕತ್ತರಿಸಿ, ಶಾಲು ಹೊದಿಸಿ, ಫೋಟೋ ಹೊಡೆಸಿಕೊಂಡು ಕಳಿಸಿಕೊಟ್ಟೆವು. ಮ್ಯಾನೇಜರು ಇಂಗ್ಲಿಷಿನಲ್ಲಿ ಉದ್ದಕ್ಕೆ ಮಾತಾಡಿದರು. ನಿಷ್ಠೆ, ಶ್ರದ್ಧೆ, ಗುಣಮಟ್ಟ ಎಲ್ಲ ಬಂತು, ಮೇಡಂ ಮಾತ್ರ ಬರಲಿಲ್ಲ. ಅದೇ ಭಾಷಣವನ್ನು ನಮ್ಮ ಕಾಫಿ ಮೆಷಿನ್ನು ಕೆಟ್ಟುಹೋದಾಗಲೂ ಮಾಡಬಹುದಿತ್ತು. ನನ್ನ ಕೈಗೂ ಮೈಕು ಕೊಟ್ಟರು. "ಥ್ಯಾಂಕ್ಯೂ ಮೇಡಂ" ಎಂದಷ್ಟೇ ಹೇಳಿ ಪಕ್ಕದವಳಿಗೆ ದಾಟಿಸಿದೆ. ಮನೆಗೆ ಬಂದ ಮೇಲೆ ಬೇಜಾರಾಯಿತು. ಅಲ್ಲಿ ಮಾತಾಡಬೇಕಾದವಳು ಯಾರಾದರೂ ಇದ್ದರೆ ಅದು ನಾನೇ. ಅದಕ್ಕೆ ಈಗ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಫೋನ್ ಮಾಡಿ ಬೈಯುತ್ತಾರೆ, ಬೈದು ಮುಗಿಸಿ ಊಟ ಆಯಿತಾ ಎಂದು ಕೇಳುತ್ತಾರೆ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಅಮ್ಮನಿಗೇ ಅದು ಇನ್ನೂ ಸರಿಯಾಗಿ ಗೊತ್ತಿಲ್ಲ. ಕೇಳಿದವರಿಗೆಲ್ಲ "ಆಸ್ಪತ್ರೆ ಕಂಪ್ಯೂಟ್ರಲ್ಲಿ ಕೆಲ್ಸ" ಅನ್ನುತ್ತಾಳೆ. ಅಮೆರಿಕದಲ್ಲಿ ಡಾಕ್ಟರು ರೋಗಿಯನ್ನು ನೋಡಿ ಒಂದಷ್ಟು ಬರೆಯುತ್ತಾರೆ. ಆ ಬರಹ ಬಿಟಿಎಂ ಲೇಔಟಿನಲ್ಲಿ ಕೆಳಗೆ ಬೇಕರಿ, ಮೇಲೆ ಜಿಮ್ಮು ಇರುವ ಕಟ್ಟಡದ ನಡುವಿನ ಮಹಡಿಗೆ ಬರುತ್ತದೆ. ಅಲ್ಲಿ ನಾವು ಕೂತು ಅದನ್ನು ಓದಿ, ಪ್ರತಿ ಕಾಯಿಲೆಗೂ ಒಂದು ಸಂಖ್ಯೆ ಕೊಡುತ್ತೇವೆ. ಅದೇ ಕೋಡು. ಆ ಕೋಡು ನೋಡಿಕೊಂಡು ವಿಮೆ ಕಂಪನಿಯವರು ಇದು ಕಾಯಿಲೆಯೋ, ಬರೀ ಅಂದಚೆಂದದ ವಿಷಯವೋ ಎಂದು ತೀರ್ಮಾನಿಸುತ್ತಾರೆ. ಡಾಕ್ಟರು ಬರೆದದ್ದಕ್ಕೆ ಮಾತ್ರ ಕೋಡು, ನಮ್ಮ ಊಹೆಗಲ್ಲ. ಸಂಶಯ ಬಂದರೆ ಡಾಕ್ಟರಿಗೆ ಪ್ರಶ್ನೆ ಬರೆದು ಕಳಿಸಿ, ಉತ್ತರ ಬರುವ ತನಕ ಕಾಯಬೇಕು. ಮೇಡಂ ಚರ್ಮದ ಕಾಯಿಲೆಗಳ ತಂಡಕ್ಕೆ ಹಿರಿಯರು, ಹೊಸಬರಿಗೆ ಕೆಲಸ ಕಲಿಸುವವರು. ಬಿಎಸ್ಸಿ ಮುಗಿಸಿ ಅಲ್ಲಿಗೆ ಸೇರಿದಾಗ ನಾನೂ ಅವರ ಕೈಗೆ ಸಿಕ್ಕಿದೆ.

ವಿಲ್ಸನ್ ಗಾರ್ಡನ್ನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಾಲಲ್ಲಿ ಓಡುವವರು ಹಾಕುವ ದಪ್ಪ ಬೂಟು. ಹೊಸಬರು ಯಾರಾದರೂ ಕಾಲು ನೋಡಿದರೆ, "ಸೀರೆ ನನ್ನಿಷ್ಟ, ಬೂಟು ಬಸ್ ಡ್ರೈವರ್ ಇಷ್ಟ. ಅವ್ನು ನಿಲ್ಸೋದೇ ಸ್ಟಾಪಿಂದ ಅಷ್ಟು ಮುಂದೆ" ಅನ್ನುತ್ತಿದ್ದರು. ಕಾಫಿಗೆ ಬೇಡ ಎಂದದ್ದು ನಾನು ಕಂಡಿರಲಿಲ್ಲ. ಯಾರು ಕರೆದರೂ "ಅರ್ಧ ಲೋಟ" ಎಂದು ಎದ್ದು ಹೊರಡುತ್ತಿದ್ದರು. ಹೀಗೆ ಅರ್ಧರ್ಧ ಲೋಟದಲ್ಲಿ ದಿನಕ್ಕೆ ಎಷ್ಟು ಒಳಗೆ ಹೋಗುತ್ತಿತ್ತೋ ದೇವರೇ ಬಲ್ಲ. ನಿನ್ನೆ ಕಾಲೇಜು ಬಿಟ್ಟು ಬಂದವರಿಗೂ ನೀವು ಎಂದೇ ಮಾತಾಡುತ್ತಿದ್ದರು. ಕೋಪ ಬಂದರೆ ಮರ್ಯಾದೆ ಇನ್ನೂ ಹೆಚ್ಚುತ್ತಿತ್ತು. "ತಾವು ಇದನ್ನ ಓದಿ ಕೋಡ್ ಹಾಕಿದ್ರೋ, ನಿದ್ದೆಗಣ್ಣಲ್ಲಿ ಹಾಕಿದ್ರೋ?" ಎಂದು ಅವರು 'ತಾವು' ಎನ್ನುವುದಕ್ಕೆ ಶುರು ಮಾಡಿದರೆ ನಾವು ಕುರ್ಚಿ ಸರಿಸಿಕೊಂಡು ನೆಟ್ಟಗೆ ಕೂರುತ್ತಿದ್ದೆವು.

ಅವರದೊಂದು ವಿಚಿತ್ರ ಪದ್ಧತಿ ಇತ್ತು. ನಮಗೆ ಅಭ್ಯಾಸಕ್ಕೆಂದು ಕೊಡುವ ಫೈಲುಗಳನ್ನು ಪ್ರತಿ ಸಲವೂ ತಾವು ಮೊದಲು ಮಾಡಿ ನೋಡುತ್ತಿದ್ದರು. ವರ್ಷಗಟ್ಟಲೆಯಿಂದ ಕೊಡುತ್ತಾ ಬಂದ ಫೈಲೇ ಆದರೂ ಸರಿ, ಬೆಳಗ್ಗೆ ಬಂದು ಕೂತು, ಮೊದಲ ಸಲ ನೋಡುವವರ ಹಾಗೆ ಓದಿ, ಕೋಡು ಹಾಕಿ, ಆಮೇಲೆ ನಮಗೆ ಕೊಡುವುದು. ಒಮ್ಮೆ ನಾನೇ ಕೇಳಿದೆ, "ಮೇಡಂ, ಇದು ನಿಮಗೆ ಬಾಯಿಪಾಠ ಆಗಿರತ್ತಲ್ವಾ?"

"ಉತ್ತರ ಬಾಯಿಪಾಠ ಆಗಿದೆ ಕಣ್ರೀ. ಕಷ್ಟ ಎಲ್ಲಿ ಆಗತ್ತೆ ಅನ್ನೋದು ಮರ್ತೋಗಿರತ್ತೆ. ಮಾಡಿ ನೋಡಿದ್ರೆ ನೆನಪಾಗತ್ತೆ. ನಾನು ಮಾಡ್ದೇ ಇರೋದನ್ನ ನಿಮ್ಮ ಹತ್ರ ಹೆಂಗೆ ಮಾಡ್ಸಲಿ?"

ಆಗ ನನಗೆ ಇದು ವಯಸ್ಸಾದವರ ಹಟ ಎನಿಸಿತ್ತು.

ಚರ್ಮದ ಕಾಯಿಲೆಗಳಲ್ಲಿ ಅವರ ಮುದ್ದಿನ ವಿಷಯ ಕೂದಲು. ಉದುರುವುದಲ್ಲ, ಅದಕ್ಕೆ ಊರೆಲ್ಲ ಅಳುತ್ತದೆ. ಬರಬಾರದ ಕಡೆ ಬರುವ ಕೂದಲು, ಮಿತಿಮೀರಿ ಬೆಳೆಯುವ ಕೂದಲು. ನಮ್ಮ ಕೋಡುಗಳಲ್ಲಿ ಅದಕ್ಕೆ ಎಲ್ ಅರವತ್ತೆಂಟು ಎಂಬ ಒಂದು ಗುಂಪಿದೆ. ಮೇಡಂ ಅದನ್ನು "ಅರವತ್ತೆಂಟರ ಮನೆ" ಎಂದು ಕರೆಯುತ್ತಿದ್ದರು. ಹೆಂಗಸರಿಗೆ ಗಡ್ಡ ಮೀಸೆಯ ಜಾಗದಲ್ಲಿ ಗಂಡಸರ ಹಾಗೆ ಕೂದಲು ಬಂದರೆ ಆ ಮನೆಯ ಸೊನ್ನೆ ನಂಬರಿನ ಕೋಣೆ. ಮೈಮೇಲೆ ಎಲ್ಲೋ ಒಂದು ಕಡೆ ಮಾತ್ರ ದಟ್ಟವಾಗಿ ಬೆಳೆದರೆ ಎರಡನೆಯ ಕೋಣೆ. ಡಾಕ್ಟರು ಏನನ್ನೂ ಬಿಡಿಸಿ ಬರೆಯದಿದ್ದರೆ ಒಂಬತ್ತು. ಈ ಒಂಬತ್ತು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಒಂಬತ್ತು ಹಾಕೋ ಮುಂಚೆ ಒಂದ್ಸಲ ಡಾಕ್ಟ್ರನ್ನ ಕೇಳಿ. ಎಲ್ಲಿ ಬಂದಿದೆ, ಯಾವಾಗಿಂದ ಬಂದಿದೆ, ಯಾಕೆ ಬಂದಿದೆ. ಮೂರರಲ್ಲಿ ಒಂದನ್ನೇ ಕೇಳೋಕೆ ಬಿಟ್ರೆ, ಯಾವಾಗಿಂದ ಅಂತ ಕೇಳಿ. ಹುಟ್ಟಿದಾಗಿಂದ ಇರೋದು ಬೇರೆ, ಹೋದ ವರ್ಷ ಬಂದಿರೋದು ಬೇರೆ. ನೋಡೋಕೆ ಎರಡೂ ಕೂದ್ಲೇ."

ಒಂದು ಹಸುಗೂಸಿನ ಫೈಲು ನೆನಪಿದೆ. ನಮಗೆ ಬರುವ ಫೈಲಿನಲ್ಲಿ ಹೆಸರು ಊರು ಕಾಣುವುದಿಲ್ಲ, ವಿಷಯವಷ್ಟೇ. ಕೆಲವು ವಾರಗಳಿಂದ ಕೂಸಿನ ಹಣೆ ಕೆನ್ನೆಯ ಮೇಲೆ ಕೂದಲು ಬೆಳೆಯುತ್ತಿದೆ ಎಂದು ಬರೆದಿತ್ತು. ನಮ್ಮಲ್ಲೊಬ್ಬ ಸಲೀಸಾಗಿ ಒಂಬತ್ತು ಹಾಕಿದ. ಮೇಡಂ ತೆಗೆಸಿ ಡಾಕ್ಟರಿಗೆ ಪ್ರಶ್ನೆ ಬರೆಸಿದರು, ಕಾರಣ ತಿಳಿದಿದೆಯೇ ಎಂದು. ಉತ್ತರ ಬಂತು. ಕೂಸಿನ ಅಪ್ಪ ಬೋಳುತಲೆಗೆ ಕೂದಲು ಬರಿಸುವ ಔಷಧಿ ಹಚ್ಚಿಕೊಳ್ಳುತ್ತಿದ್ದನಂತೆ, ಹಚ್ಚಿದ ತಲೆಗೇ ಮಗುವನ್ನು ಆನಿಸಿಕೊಂಡು ಮಲಗಿಸುತ್ತಿದ್ದನಂತೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೇಡಂ ಕೂಡ ಸೆರಗು ಬಾಯಿಗಿಟ್ಟುಕೊಂಡು ನಕ್ಕು, "ಪಾಪ, ಅಪ್ಪಂಗೆ ಬರಬೇಕಾದ್ದು ಮಗೂಗೆ ಬಂತು. ಔಷಧಿ ನಿಲ್ಸಿದ್ರೆ ಸರಿಹೋಗತ್ತೆ ಅಂತ ಬರ್ದಿದ್ದಾರಲ್ಲ, ಅದನ್ನೂ ಓದ್ಕೊಂಡು ನಗಿ" ಎಂದರು.

ಇನ್ನೊಂದು ದಿನದ ನಗು ಹಾಗಿರಲಿಲ್ಲ. ಗಡ್ಡ ಬೆಳೆದ ಹೆಂಗಸಿನ ಫೈಲು. ಅವಳು ದಿನಾ ಬೆಳಗ್ಗೆ ಗಂಡ ಏಳುವ ಮೊದಲು ಎದ್ದು ಶೇವ್ ಮಾಡಿಕೊಳ್ಳುತ್ತಾಳೆ ಎಂದು ಡಾಕ್ಟರು ಬರೆದಿದ್ದರು. ಯಾರೋ ಅದನ್ನು ಜೋರಾಗಿ ಓದಿದರು, ಇನ್ಯಾರೋ "ಮಗಾ, ಒಂದೇ ರೇಜರ್ ಸಾಕು ಮನೆಗೆ" ಎಂದ. ಕೋಣೆಯೆಲ್ಲ ನಕ್ಕಿತು. ಮೇಡಂ ಬೈಯಲಿಲ್ಲ, ಪಾಠವನ್ನೂ ಹೇಳಲಿಲ್ಲ. ನಗು ಮುಗಿಯುವ ತನಕ ಸುಮ್ಮನೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಾ ನಿಂತಿದ್ದರು. ನಾನು ದುಪ್ಪಟ್ಟಾ ಗದ್ದದವರೆಗೆ ಎಳೆದುಕೊಂಡು ಪರದೆ ನೋಡುತ್ತಿದ್ದೆ.

ಆ ಹೊತ್ತಿಗೆ ನನ್ನ ಗದ್ದದ ಕಥೆ ಶುರುವಾಗಿ ತಿಂಗಳುಗಳೇ ಆಗಿದ್ದವು. ಮೊದಲು ಒಂದೆರಡು ಕೂದಲು, ಚಿಮಟದಲ್ಲಿ ಕಿತ್ತರೆ ಮುಗಿಯುತ್ತಿತ್ತು. ಆಮೇಲೆ ಗದ್ದ, ಕೆನ್ನೆಯ ಪಕ್ಕ, ಕತ್ತು. ಒರಟು, ಕಪ್ಪು ಕೂದಲು. ವಾರಕ್ಕೊಮ್ಮೆ ಪಾರ್ಲರಿಗೆ ಹೋಗಿ ದಾರದಲ್ಲಿ ತೆಗೆಸಿಕೊಂಡು ಬರುತ್ತಿದ್ದೆ. ಅಮ್ಮ ಕಸ್ತೂರಿ ಅರಿಶಿನ, ಕಡಲೆಹಿಟ್ಟು ಎಂದು ದಿನಾ ಮುಖಕ್ಕೆ ಮೆತ್ತುತ್ತಿದ್ದಳು. ಅದರಿಂದ ಕೂದಲು ಹೋಗಲಿಲ್ಲ, ತಲೆದಿಂಬು ಹಳದಿಯಾಯಿತು. ಜೊತೆಗೆ ದನಿ ಒಡೆಯತೊಡಗಿತು. ಆಫೀಸಿನಲ್ಲಿ "ಏನ್ ಗುರು, ಶೀತನಾ?" ಎಂದು ಕೇಳುವವರಿಗೆ ಹೌದು ಎನ್ನುತ್ತಿದ್ದೆ. ವರ್ಷವಿಡೀ ಯಾರಿಗೆ ಶೀತ ಇರುತ್ತದೆ? ಹೆದರಿ ಜಯನಗರದಲ್ಲಿ ಒಬ್ಬರು ಡಾಕ್ಟರಮ್ಮನ ಹತ್ತಿರ ಒಮ್ಮೆ ಹೋಗಿಯೂ ಬಂದಿದ್ದೆ. ಅವರು ಮುಖ ನೋಡಿ, ಅಂಥದ್ದೇನೂ ಕಾಣುತ್ತಿಲ್ಲ, ಬೇಕಿದ್ದರೆ ಲೇಸರ್ ಮಾಡಿಸಿಕೊಳ್ಳಿ ಎಂದು ಬರೆದುಕೊಟ್ಟಿದ್ದರು. ಅಲ್ಲಿಗೆ ನಾನೂ ಮನೆಯವರೂ ಇದು ಅಂದಚೆಂದದ ತೊಂದರೆ ಎಂದು ಒಪ್ಪಿಕೊಂಡೆವು.

ಮೇಡಂ ನಮ್ಮಿಂದ ಫೈಲುಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಒಂದು ದಿನ ನನ್ನ ಸರದಿ ಮುಗಿದ ಮೇಲೆ, "ಬನ್ನಿ, ಅರ್ಧ ಲೋಟ ಕುಡ್ಕೊಂಡು ಬರೋಣ" ಎಂದು ಕರೆದರು. ಬೇಕರಿಗೆ ಇಳಿಯುವ ಮೆಟ್ಟಿಲ ಮೇಲೆ ನಿಂತು, ಸುತ್ತ ಯಾರೂ ಇಲ್ಲ ಎಂದು ನೋಡಿ, ಮೊದಲ ಸಲ ನನ್ನನ್ನು ನೀನು ಎಂದರು.

"ಯಾವಾಗಿಂದ?"

"ಏನು ಮೇಡಂ?"

"ಏನು ಅಂತ ನಿಂಗೂ ಗೊತ್ತು. ಆವತ್ತು ನಗದೇ ಕೂತಿದ್ದೋಳು ನೀನೊಬ್ಳೇ. ನಿನ್ನ ದನೀನೂ ಸೇರ್ದಾಗ ಹಿಂಗಿರ್ಲಿಲ್ಲ."

ನಾನು ಅಳುವುದಕ್ಕೆ ಶುರು ಮಾಡಿದೆ. ಅಮ್ಮನ ಮುಂದೆ ಕೂಡ ಅತ್ತಿರಲಿಲ್ಲ. ಹೋದ ವರ್ಷದಿಂದ ಎಂದೆ. ಮುಟ್ಟು ನಿಂತದ್ದು ಹೇಳಿದೆ, ತಲೆಗೂದಲು ತೆಳ್ಳಗಾದದ್ದು ಹೇಳಿದೆ, ಡಾಕ್ಟರಮ್ಮ ಲೇಸರ್ ಎಂದದ್ದನ್ನೂ ಹೇಳಿದೆ. ಅವರು ಎಲ್ಲ ಕೇಳಿಕೊಂಡು ಕೇಳಿದ್ದು ಒಂದೇ ಪ್ರಶ್ನೆ.

"ಡಾಕ್ಟ್ರ ಹತ್ರ ಹೋಗೋ ಮುಂಚೆ ಪಾರ್ಲರ್‌ಗೆ ಹೋಗಿದ್ಯಾ?"

ಹೋಗಿದ್ದೆ. ಹಿಂದಿನ ಸಂಜೆಯೇ ಹೋಗಿದ್ದೆ. ಮೇಲೆ ಒಂದು ಕೋಟು ಪೌಡರನ್ನೂ ಬಳಿದಿದ್ದೆ. ನೆಂಟರ ಮನೆಗೇ ಹಾಗೆ ಹೋಗುವುದಿಲ್ಲ, ಇನ್ನು ಡಾಕ್ಟರ ಮುಂದೆ ಗಡ್ಡ ಬಿಟ್ಟುಕೊಂಡು ಹೋಗುವುದೇ? ದನಿಯ ವಿಷಯ ಕೇಳಿದ್ದರೆ ಹೇಳುತ್ತಿದ್ದೆನೇನೋ. ಅಲ್ಲಿ ನಾನು ತಲೆಯಾಡಿಸಿದ್ದೇ ಹೆಚ್ಚು.

"ನಾವೆಲ್ಲ ಮಾಡೋದೇ ಇದು" ಎಂದರು ಮೇಡಂ. "ಮನೆಗೆ ಕೆಲಸದವಳು ಬರೋ ಮುಂಚೆ ನಾವೇ ಗುಡಿಸಿಟ್ಟ ಹಂಗೆ. ನೋಡು, ನಾನು ಡಾಕ್ಟ್ರಲ್ಲ. ಇದೇನು ಅಂತ ನಂಗೆ ಗೊತ್ತಿಲ್ಲ, ಹೇಳೋದೂ ತಪ್ಪು. ಏನೂ ಇಲ್ದೇನೂ ಇರ್ಬೋದು. ಆದ್ರೆ ನೀನು ಅವ್ರಿಗೆ ಏನನ್ನೂ ತೋರ್ಸೇ ಇಲ್ಲ. ಕಾಣದ್ದನ್ನ ಅವ್ರು ಹೆಂಗೆ ಬರೀತಾರೆ? ಇನ್ನೊಂದ್ಸಲ ಹೋಗು. ದನಿ, ಮುಟ್ಟು ಎಲ್ಲ ಬಾಯ್ಬಿಟ್ಟು ಹೇಳು. ಮುಖಾನೂ ಹೆಂಗಿದ್ಯೋ ಹಂಗೇ ತಗೊಂಡು ಹೋಗು."

ಫೋನ್ ಮಾಡಿದರೆ ಡಾಕ್ಟರಮ್ಮ ಊರಲ್ಲಿರಲಿಲ್ಲ, ಮೂರು ವಾರ ಬಿಟ್ಟು ಬರುವವರಿದ್ದರು. ಬೇರೆಯವರ ಹತ್ತಿರ ಹೋಗೋಣ ಎಂದರು ಮೇಡಂ. ನನಗೆ ಇನ್ನೊಬ್ಬರಿಗೆ ಮೊದಲಿಂದ ಹೇಳುವ ಧೈರ್ಯ ಇರಲಿಲ್ಲ. ಕೊನೆಗೆ ಅವರನ್ನೇ ಕಾಯುವುದು, ಅಲ್ಲಿಯ ತನಕ ಪಾರ್ಲರಿಗೆ ಹೋಗಕೂಡದು ಎಂದಾಯಿತು. ಆಫೀಸಿಗೆ ಮಾಸ್ಕ್ ಹಾಕಿಕೊಂಡು ಬಂದರೆ ಯಾರೂ ಕೇಳುವುದಿಲ್ಲ, ಕೊರೊನಾ ಬಂದುಹೋದ ಮೇಲೆ ಮಾಸ್ಕಿಗೆ ಆ ಒಂದು ಮರ್ಯಾದೆ ಬಂದಿದೆ.

ಅಮ್ಮ ಮಾತ್ರ ಕೇಳಿದಳು. ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಅಮ್ಮ ಬ್ಲೌಸ್ ಹೊಲಿಯುತ್ತಾಳೆ. ಆ ತಿಂಗಳಲ್ಲೇ ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬರುವುದಿತ್ತು. ಪಾರ್ಲರಿಗೆ ಹೋಗುವುದಿಲ್ಲ, ಅವರನ್ನು ಮುಂದಕ್ಕೆ ಹಾಕು ಎಂದದ್ದಕ್ಕೆ ಅಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ವಿಷಯ ತಿಳಿದು ಮೇಡಂ ಒಂದು ಭಾನುವಾರ ಮನೆಗೇ ಬಂದರು. ಮುಖಕ್ಕೆ ಮಾಸ್ಕ್ ಇತ್ತು. ಧೂಳಿನ ಅಲರ್ಜಿ ಎಂದು ಆಫೀಸಿಗೂ ಆಗ ಹಾಗೇ ಬರುತ್ತಿದ್ದರು. ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆವು.

ಅಮ್ಮ ಅವರ ಮುಂದೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹಾಕಿದಳು. "ಮೇಡಂ, ನೀವು ತಿಳ್ದೋರು. ಮದ್ವೆಗೆ ಬಂದಿರೋ ಹೆಣ್ಣು ಹಿಂಗೆ ಗಡ್ಡ ಬಿಟ್ಕೊಂಡು ಕೂತ್ರೆ ಬೀದೀಲಿ ಏನಂತಾರೆ? ಅವ್ರು ಒಳ್ಳೇ ಜನ. ಮುಂದಕ್ಕೆ ಹಾಕಿದ್ರೆ ಇಷ್ಟ ಇಲ್ಲ ಅಂದ್ಕೋತಾರೆ."

"ಅಂದ್ಕೊಳ್ಳಲಿ ಬಿಡಿ ಅಮ್ಮ. ಮಗಳಿಗೆ ಹುಷಾರಿಲ್ಲ ಅಂತ ಹೇಳಿ."

"ಹುಷಾರಿಲ್ಲ ಅಂದ್ರೆ ಇನ್ನೂ ಕಷ್ಟ ಅಲ್ವಾ?"

"ನಿಮ್ಗೆ ಈಗ ಗಂಡು ತಪ್ಪೋಗತ್ತೆ ಅಂತ ಭಯ. ನಂಗೆ ಈ ಹುಡುಗಿ ಒಳಗೆ ಏನಿದ್ಯೋ ಅಂತ ಭಯ. ನನ್ನ ಭಯ ಸುಳ್ಳಾದ್ರೆ ನಾನೇ ಬಂದು ಆ ಗಂಡಿನ ಕಡೆಯೋರ ಹತ್ರ ಮಾತಾಡ್ತೀನಿ. ನಿಮ್ಮ ಭಯ ಸುಳ್ಳಾದ್ರೆ ನಂಗೊಂದು ಬ್ಲೌಸ್ ಹೊಲ್ಕೊಡಿ."

ಅಮ್ಮ ಬೇಡ ಬೇಡವೆಂದರೂ ನಕ್ಕಳು. ಒಳಗೆ ಹೋಗಿ ಕಾಫಿ ತಂದಳು. ಮೇಡಂ ಲೋಟ ನೋಡಿ, "ಬೇಡಮ್ಮ, ಇವತ್ತು ಕಾಫಿ ಬಿಟ್ಟಿದ್ದೀನಿ" ಎಂದು ಎದ್ದುಬಿಟ್ಟರು. ಇವರೇನು ನಮ್ಮ ಮನೆಯಲ್ಲಿ ಕುಡಿಯುವುದಿಲ್ಲವೇ ಎಂದು ಅಮ್ಮನ ಮುಖ ಸಣ್ಣದಾಯಿತು. ನನಗೂ ಒಂದು ಕ್ಷಣ ಹಾಗೇ ಅನಿಸಿ ಮನಸ್ಸು ಚುರುಕ್ಕೆಂದಿತು.

ಎರಡನೆಯ ವಾರದಲ್ಲಿ ಬಸ್ಸಿನ ಘಟನೆ ನಡೆಯಿತು. ಹೆಣ್ಣುಮಕ್ಕಳಿಗೆ ಕೊಡುವ ಉಚಿತ ಟಿಕೆಟ್ ಕೇಳಿದೆ. ಪ್ಯಾಂಟು, ಜಾಕೆಟ್ಟು, ಮುಖಕ್ಕೆ ಮಾಸ್ಕು, ಬಾಯಿ ಬಿಟ್ಟರೆ ಈ ದನಿ. ಕಂಡಕ್ಟರು ತಿರುಗಿ ನೋಡಿ, "ಸಾರ್, ಅದು ಲೇಡೀಸ್‌ಗೆ" ಎಂದರು. ಆಧಾರ್ ತೋರಿಸಿದೆ. ಕಾರ್ಡು ನೋಡಿದರು, ನನ್ನ ಕಣ್ಣು ನೋಡಿದರು. "ಸ್ವಲ್ಪ ಮಾಸ್ಕ್ ತೆಗೀತೀರಾ?" ತೆಗೆದೆ. ಅಕ್ಕಪಕ್ಕದ ಸೀಟಿನವರೆಲ್ಲ ನೋಡಿದರು. ಕಂಡಕ್ಟರು ತಕ್ಷಣ ಟಿಕೆಟ್ ಹರಿದು ಕೈಗಿಟ್ಟು, "ತಪ್ಪು ತಿಳ್ಕೋಬೇಡಿ ಅಕ್ಕ" ಎಂದು ಮೆಲ್ಲಗೆ ಹೇಳಿ ಮುಂದೆ ಹೋದರು. ಒಳ್ಳೆಯ ಮನುಷ್ಯ. ಅವರು ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ಮೇಡಂಗೆ ಫೋನ್ ಮಾಡಿದೆ.

"ನನ್ ಕೈಲಿ ಆಗಲ್ಲ ಮೇಡಂ. ನಾನು ಈಗ್ಲೇ ಪಾರ್ಲರ್‌ಗೆ ಹೋಗ್ತಿದ್ದೀನಿ."

ಬೈಯುತ್ತಾರೆ ಅಂದುಕೊಂಡಿದ್ದೆ. "ಹೋಗು. ನಾನು ಬೇಡ ಅನ್ನಲ್ಲ. ಆದ್ರೆ ಇವತ್ತು ಬೇಡ, ನಾಳೆ ಬೆಳಗ್ಗೆ ಹೋಗು" ಎಂದರು. ಬೆಳಗ್ಗೆ ಎದ್ದಾಗ ಸಿಟ್ಟು ಸ್ವಲ್ಪ ಇಳಿದಿತ್ತು, ಹೋಗಲಿಲ್ಲ. ಮತ್ತೆರಡು ಸಲ ಹೀಗೇ ಫೋನ್ ಮಾಡಿದೆ, ಎರಡು ಸಲವೂ ಅದೇ ಉತ್ತರ.

ಡಾಕ್ಟರಮ್ಮನಲ್ಲಿಗೆ ಮೇಡಂ ನನ್ನ ಜೊತೆಗೆ ಬಂದರು. ಅಮ್ಮ ಬರುತ್ತೇನೆಂದಳು, ನಾನೇ ಬೇಡ ಎಂದೆ. ಒಳಗೆ ಕೂತ ಮೇಲೆ ಡಾಕ್ಟರಮ್ಮ, "ಹೇಳಿ, ಏನಾಗ್ತಿದೆ?" ಎಂದರು. ನನ್ನ ಕೈ ಮಾಸ್ಕಿನ ದಾರದ ತನಕ ಹೋಯಿತು, ಅಲ್ಲಿಂದ ಮೇಲೇಳಲಿಲ್ಲ. ಅಷ್ಟು ದಿನ ಕಾದು ಬೆಳೆಸಿದ್ದೇ ಅದನ್ನು ತೋರಿಸುವುದಕ್ಕೆ, ತೋರಿಸುವ ಹೊತ್ತಿಗೆ ಕೈಯೇ ಬರಲಿಲ್ಲ. ಡಾಕ್ಟರಮ್ಮ ಕಾಯುತ್ತಿದ್ದರು. ಆಗ ಪಕ್ಕದಲ್ಲಿದ್ದ ಮೇಡಂ ತಮ್ಮ ಮಾಸ್ಕ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಅವರ ಗದ್ದದ ತುಂಬ ಕೂದಲಿತ್ತು. ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ, ಕಿವಿಯ ಕಡೆಯಿಂದ ಇಳಿದು ಕತ್ತಿನವರೆಗೂ. ಇಷ್ಟು ದಿನ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದ್ದೆ. ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರಮ್ಮ ಇಬ್ಬರನ್ನೂ ನೋಡಿ, "ಇಬ್ರೂ ತೋರಿಸ್ತೀರಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ. ನಂದು ಹಳೇದು, ಇಪ್ಪತ್ತನೇ ವಯಸ್ಸಿಂದ ಇದೆ. ನಮ್ಮಮ್ಮಂಗೂ ಇತ್ತು. ಆವಾಗ್ಲೇ ತೋರ್ಸಿದ್ದೀನಿ, ಏನೂ ಇಲ್ಲ ಅಂತ ಆಗಿದೆ. ಇವಳ್ದು ಹೊಸದು. ನಾನು ಇವಳ ಜೊತೆಗೆ ಬಂದೋಳು."

ನಾನು ಮಾಸ್ಕ್ ತೆಗೆದೆ. ಡಾಕ್ಟರಮ್ಮ ಎದ್ದು ಬಂದು ನನ್ನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಹೋದ ಸಲ ಏಕೆ ಹೀಗೆ ಬರಲಿಲ್ಲ ಎಂದು ಕೇಳಲಿಲ್ಲ. "ಎಲ್ಲರೂ ಕ್ಲೀನ್ ಮಾಡ್ಕೊಂಡೇ ಬರ್ತಾರಮ್ಮ. ನಾವೂ ಒಂದೊಂದ್ಸಲ ಕೇಳೋದು ಮರೀತೀವಿ" ಎಂದು ಕೂತು, ಮೊದಲಿನಿಂದ ಎಲ್ಲ ಕೇಳಿ ಬರೆದುಕೊಂಡರು. ಆವತ್ತೇ ರಕ್ತ ಪರೀಕ್ಷೆಗೆ ಕಳಿಸಿದರು, ಅದರ ಫಲಿತಾಂಶ ನೋಡಿ ಸ್ಕ್ಯಾನಿಗೆ ಕಳಿಸಿದರು.

ಹೊರಗೆ ಬಂದು ಜಯನಗರದ ಮರಗಳ ಕೆಳಗೆ ನಡೆಯುವಾಗ ಕೇಳಿದೆ, "ನೀವ್ಯಾಕೆ ಬೆಳೆಯೋಕೆ ಬಿಟ್ರಿ ಮೇಡಂ? ನಿಮಗೇನು ಬೇಕಾಗಿತ್ತು?"

"ಪಾರ್ಲರ್‌ಗೆ ಹೋಗ್ಬೇಡ ಅಂತ ನಿಂಗೆ ಸಲೀಸಾಗಿ ಹೇಳ್ಬಿಟ್ನಲ್ಲ. ಬಸ್ಸಲ್ಲಿ ಮನೆಗೆ ಹೋಗ್ತಾ ಅನ್ಸಿತು, ನಾನು ಯಾವತ್ತಾದ್ರೂ ಮಾಡಿದ್ದೀನಾ ಅಂತ. ಮಾಡಿರ್ಲಿಲ್ಲ. ಅದಕ್ಕೆ ಮಾಡಿ ನೋಡ್ದೆ. ಮೊದಲ್ನೇ ವಾರನೇ ಪಾರ್ಲರ್ ಬಾಗ್ಲು ತನಕ ಹೋಗಿ ವಾಪಸ್ ಬಂದೆ. ನಿಂಗೆ ನಾಳೆ ಹೋಗು, ನಾಳೆ ಹೋಗು ಅಂದೆನಲ್ಲ, ಅದು ನಂಗೆ ನಾನೇ ಹೇಳ್ಕೊಂಡಿದ್ದು." ಸ್ವಲ್ಪ ದೂರ ನಡೆದು, "ನಿಮ್ಮಮ್ಮ ಕೊಟ್ಟ ಕಾಫಿ ಘಮಘಮ ಅಂತಿತ್ತು ಕಣೆ. ಮಾಸ್ಕ್ ತೆಗೆದು ಕುಡಿಯೋಕಾಗ್ಲಿಲ್ಲ. ಅವರ ಹತ್ರ ಹೇಳು" ಎಂದರು. ನನಗೆ ರಸ್ತೆಯಲ್ಲೇ ಅವರ ಕಾಲಿಗೆ ಬೀಳಬೇಕು ಎನಿಸಿತು. ಬಿದ್ದಿದ್ದರೆ 'ತಾವು ಏಳಿ' ಎಂದು ಬೈಯುತ್ತಿದ್ದರು.

ಮಾರನೆಯ ದಿನ ಇಬ್ಬರೂ ಮಾಸ್ಕ್ ಇಲ್ಲದೆ ಆಫೀಸಿಗೆ ಹೋದೆವು. ಡಾಕ್ಟರಮ್ಮ ನೋಡಿಯಾಗಿತ್ತು, ತೆಗೆಸಿಕೊಳ್ಳಬಹುದಿತ್ತು. "ನಿಂದೊಂದು ತೀರ್ಮಾನ ಆಗ್ಲಿ, ಒಟ್ಟಿಗೆ ಹೋಗೋಣ" ಎಂದಿದ್ದರು ಮೇಡಂ, ನಾನೂ ಹೂಂ ಎಂದಿದ್ದೆ. ಅವರು ಎಂದಿನಂತೆ ಪಾಠಕ್ಕೆ ನಿಂತರು. ಒಂದೇ ರೇಜರ್ ಸಾಕು ಎಂದಿದ್ದ ಹುಡುಗ ಅವರ ಗದ್ದದಿಂದ ಕಣ್ಣು ಕೀಳಲಾರದೆ ಕೂತಿದ್ದ. ಮೇಡಂ ಸ್ವಲ್ಪ ಹೊತ್ತು ಬಿಟ್ಟು, "ನೋಡಿ ಆಯ್ತಾ? ಸರಿ, ಈಗ ಯಾವಾಗಿಂದ ಅಂತ ಕೇಳಿ" ಎಂದರು. ಅವನು ಕೆಂಪಾಗಿ, ಗಂಟಲು ಸರಿ ಮಾಡಿಕೊಂಡು, ನಿಜವಾಗಿಯೂ ಕೇಳಿದ. ಅವರು ಉತ್ತರ ಹೇಳಿದರು. ಆಮೇಲೆ ಆ ಕೋಣೆಯಲ್ಲಿ ಅಂಥ ಫೈಲು ಬಂದಾಗ ಯಾರೂ ನಕ್ಕದ್ದು ನನಗೆ ನೆನಪಿಲ್ಲ.

ನನ್ನ ಕಿಡ್ನಿಯ ಮೇಲಿನ ಗ್ರಂಥಿಯಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಗೆಡ್ಡೆ ಬೆಳೆದಿತ್ತು. ಗಂಡಸರ ಹಾರ್ಮೋನನ್ನು ಅದು ಒಳಗೇ ಕೂತು ಸುರಿಸುತ್ತಿತ್ತು. ಕೂದಲು, ದನಿ, ನಿಂತ ಮುಟ್ಟು ಎಲ್ಲಕ್ಕೂ ಅದೇ ಮೂಲ. ಆಪರೇಷನ್ ಮಾಡಿ ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿ, ಅದು ಕ್ಯಾನ್ಸರೋ ಅಲ್ಲವೋ ಎಂದು ತಿಳಿಯುವ ತನಕ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಮ್ಮ ಮೇಡಂಗೆ ಬ್ಲೌಸ್ ಹೊಲಿಯುತ್ತಿದ್ದಳು. ಅಳತೆಗೆ ಕೊಟ್ಟ ಬ್ಲೌಸನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿರುವುದನ್ನೂ ನೋಡಿದ್ದೇನೆ.

ರಿಪೋರ್ಟ್ ತರಲು ಹೋದ ದಿನವೂ ಮೇಡಂ ಜೊತೆಗಿದ್ದರು. ಕ್ಯಾನ್ಸರ್ ಅಲ್ಲ ಎಂದರು ಡಾಕ್ಟರಮ್ಮ. ಇನ್ನು ಕೂದಲು ನಿಧಾನಕ್ಕೆ ಕಡಿಮೆಯಾಗುತ್ತದೆ, ದನಿ ಪೂರ್ತಿ ಹಿಂದಿನಂತೆ ಆಗದೆಯೂ ಇರಬಹುದು, ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ನಾನು ಹೂಂ ಹೂಂ ಎಂದು ತಲೆಯಾಡಿಸಿದೆ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳು ಆ ಕಡೆ ಅತ್ತಳು, ನನಗೆ ಅಳು ಬರಲಿಲ್ಲ. "ನಡಿ" ಎಂದರು ಮೇಡಂ.

ಹತ್ತಿರದ ಪಾರ್ಲರಿನಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಅಕ್ಕಪಕ್ಕ ಕೂತೆವು. ಇದ್ದವಳು ಒಬ್ಬಳೇ ಹುಡುಗಿ. ಅವಳು ನಮ್ಮಿಬ್ಬರ ಮುಖವನ್ನೂ ಕನ್ನಡಿಯಲ್ಲಿ ನೋಡಿ, ಏನೂ ಕೇಳದೆ, ನನ್ನ ತಲೆ ಹಿಂದಕ್ಕೆ ಒರಗಿಸಿ, ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗದ್ದದಿಂದ ಶುರು ಮಾಡಿದಳು. ಎರಡೆಳೆ ಎಳೆದಿರಬಹುದು. ನನ್ನ ಕಣ್ಣಿಂದ ನೀರು ಇಳಿಯತೊಡಗಿತು, ಕಿವಿಯೊಳಕ್ಕೆ ಹೋಯಿತು, ನಿಲ್ಲಲಿಲ್ಲ. ಹುಡುಗಿ ಗಾಬರಿಯಾಗಿ ಕೈ ತೆಗೆದಳು.

"ಅಷ್ಟೊಂದು ನೋವಾಗ್ತಿದ್ಯಾ ಅಕ್ಕ?"

ಇಲ್ಲ ಎಂದು ಕೈಯಾಡಿಸಿದೆ. ಪಕ್ಕದ ಕುರ್ಚಿಯಿಂದ ಮೇಡಂ ನನ್ನ ಕಡೆ ನೋಡಲೂ ಇಲ್ಲ. ತಾವೇ ತಲೆ ಹಿಂದಕ್ಕೆ ಒರಗಿಸಿ, ಗದ್ದ ಮೇಲೆತ್ತಿ, ಕಣ್ಣು ಮುಚ್ಚಿಕೊಂಡು ಹೇಳಿದರು.

"ಅವಳನ್ನ ಸ್ವಲ್ಪ ಹೊತ್ತು ಹಂಗೇ ಬಿಡಮ್ಮ. ಮೊದ್ಲು ನಂದು ಮಾಡು."